ಹಾವಸೆಯ ಗುರುತು

ಹಸಿರನ್ನು ಬೇಡವೆನ್ನುವ ಬುದ್ಧಿ ನಮ್ಮ ಸೀಮೆಯವರಿಗೆ ಸುಲಭವಾಗಿ ಬರತಕ್ಕದ್ದಲ್ಲ. ಮಿರಗ ಕೂಡಿತೇ, ಆರಿದ್ರೆ ಸುರಿಯಿತೇ ಎಂದು ಮುಗಿಲನ್ನು ನೋಡುತ್ತಲೇ ಆಯುಷ್ಯದ ಅರ್ಧವನ್ನು ಕಳೆಯುವ, ಬೇಸಗೆಯಲ್ಲಿ ಬೇವಿನ ಮರವನ್ನುಳಿದರೆ ಕಣ್ಣಿಗೆ ತಂಪನ್ನೀಯುವ ವಸ್ತುವೇ ಅಪರೂಪವಾದ ವಿಜಯಪುರದ ಸುತ್ತಣ ಹಳ್ಳಿಗಳಲ್ಲಿ, ಎಲ್ಲಿಯಾದರೂ ಒಂದಿಷ್ಟು ಹಸಿರು ಮೂಡಿತೆಂದರೆ ಅದು ದೈವಕೃಪೆಯೆಂದೇ ಲೆಕ್ಕ. ಆದರೂ ಇಟ್ಟಂಗಿಹಾಳದ ದ್ರಾಕ್ಷಿ ತೋಟಗಳ ನಡುವೆ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳ ದಂಡೆಯ ಮೇಲೆ ನಿಂತಾಗ, ಯಾರೂ ಬಯಸದ ಹಸಿರೊಂದು ಕಣ್ಣಿಗೆ ಬೀಳುತ್ತದೆ. ಏಪ್ರಿಲ್ ಚಾಟಣಿ, ಎಂದರೆ ಬಳ್ಳಿ ಸವರುವ ಕೆಲಸ, ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಹೊಂಡದ ನೀರಿನ ಮೇಲೆ ಹಾವಸೆ ಕಟ್ಟುತ್ತದೆ. ಪಂಪಿನೊಳಕ್ಕೆ ಸೇರಿ, ಫಿಲ್ಟರಿನಿಂದಲೂ ನುಸುಳಿ, ಡ್ರಿಪ್ಪಿನ ತೂತುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತದೆ. ಸಾಲಿನ ಮೊದಲ ಬಳ್ಳಿ ನೆನೆದು ನಿಂತಿರುವಾಗಲೇ ಕಡೆಯ ಬಳ್ಳಿ ಬಾಯಾರಿ ಬಾಡುತ್ತದೆ. ನೀರಿಗಾಗಿ ಇಷ್ಟು ತಪಸ್ಸು ಮಾಡಿದ ಮೇಲೆ, ಬಂದ ನೀರು ಬಳ್ಳಿಯ ಬುಡವನ್ನು ಮುಟ್ಟದಿದ್ದರೆ ಯಾವ ಒಕ್ಕಲಿಗನ ಮನಸ್ಸಾದರೂ ಕುದಿಯದಿರದು.

ಆ ಊರಿನಲ್ಲಿ ನನ್ನ ತಂಗಿಯ ಮಗ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾನೆ. ಧಾರವಾಡದಲ್ಲಿ ಕೃಷಿ ಓದಿ, ನೌಕರಿಯ ಗೊಡವೆಗೆ ಹೋಗದೆ ಮಣ್ಣಿಗೆ ಮರಳಿದ ಹುಡುಗ. ಅವನ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳನ್ನು ಒಟ್ಟುತ್ತಿದ್ದ ಗೋಡೆಗೆ ಹೊಂದಿಸಿ, ಗಾಜಿನ ದೊಡ್ಡ ತೊಟ್ಟಿಯೊಂದನ್ನು ಇಟ್ಟುಕೊಂಡು ಅದರಲ್ಲಿ ಸಮುದ್ರವನ್ನು ಸಾಕಿದ್ದಾನೆ. ಸಾಕಿದ್ದಾನೆ ಎಂಬ ಮಾತನ್ನು ನಾನು ತಿಳಿದೇ ಬಳಸುತ್ತಿದ್ದೇನೆ. ಏಕೆಂದರೆ ಅದು ತುಂಬಿಸಿಟ್ಟು ಮರೆಯಬಹುದಾದ ನೀರಲ್ಲ, ದಿನವೂ ಮುಟ್ಟಿ ನೋಡಿ ಉಪಚರಿಸಬೇಕಾದ ಜೀವಸಮೂಹ. ಬೋರಿನ ಗಡಸು ನೀರನ್ನು ಆರ್‌ಓ ಯಂತ್ರದಲ್ಲಿ ಶುದ್ಧಮಾಡಿ, ಲೀಟರಿಗೆ ಸುಮಾರು 35 ಗ್ರಾಮಿನಂತೆ ಸಮುದ್ರಲವಣವನ್ನು ಕರಗಿಸಿ, ಉಷ್ಣಮಾನ 25 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವಂತೆ ಕಾಯ್ದು, ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನುಗಳನ್ನೂ, ಕೆಲವು ಶಂಖದ ಹುಳುಗಳನ್ನೂ, ಬಂಡೆಗೆ ಅಂಟಿಕೊಂಡು ತೂಗಾಡುವ ಮೆದು ಹವಳಗಳನ್ನೂ ಬದುಕಿಸಿದ್ದಾನೆ. ದಿಬ್ಬ ಕಟ್ಟುವ ಕಲ್ಲುಹವಳವನ್ನು ಅವನು ತಂದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಯಾವ ಅನುಸೂಚಿಯ ರಕ್ಷಣೆಯುಂಟೋ ಆ ಹವಳಕ್ಕೂ ಅದೇ ಅನುಸೂಚಿಯ ರಕ್ಷಣೆಯುಂಟೆಂದು ಅವನಿಗೆ ಗೊತ್ತು. ಗೊತ್ತಿದ್ದು ಪಾಲಿಸುತ್ತಾನೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಕಡಲಿನಿಂದ ಇಷ್ಟು ದೂರದ ಬಯಲುನಾಡಿನಲ್ಲಿ ಉಪ್ಪು ನೀರಿನ ಈ ಸಾಕಣೆ ಕೆಲವರಿಗೆ ವಿಚಿತ್ರವಾಗಿ ಕಂಡೀತು. ನನಗೆ ಹಾಗೆ ಅನಿಸಲಿಲ್ಲ. ಉಪ್ಪಿನ ಸ್ವಭಾವವನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಡೋಣಿ ತುಂಬಿ ಹರಿದ ವರ್ಷ ಓಣಿ ಓಣಿಗೂ ಜೋಳವೆಂಬ ಗಾದೆ ನಮ್ಮಲ್ಲಿ ಹುಟ್ಟಿದ್ದರೂ, ಅದೇ ಡೋಣಿಯ ನೀರು ಬಾಯಿಗಿಟ್ಟರೆ ಉಪ್ಪು. ನೀರು ಕಂಡ ಸಂತೋಷದಲ್ಲಿ ಎರೆ ಹೊಲಕ್ಕೆ ಮಿತಿಮೀರಿ ಹಾಯಿಸಿದವರ ಭೂಮಿ ಕ್ರಮೇಣ ಸವಳಾಗಿ, ಮೇಲ್ಮಣ್ಣಿನ ಮೇಲೆ ಬಿಳಿಯ ಹೊದಿಕೆ ಬಿದ್ದು, ಬಿತ್ತಿದ ಬೀಜ ಮೊಳೆಯದೆ ಹೋದುದನ್ನು ಈ ಭಾಗದಲ್ಲಿ ಕಾಣದವರಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ತೊಟ್ಟಿಯಲ್ಲಿಯೂ ಇದೇ ಧರ್ಮ. ಆದುದರಿಂದ ಪ್ರತಿದಿನ ಇಂಗಿದಷ್ಟನ್ನು ಉಪ್ಪು ಬೆರೆಸದ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪು ನೀರನ್ನೇ ಸುರಿಯುತ್ತ ಹೋದರೆ ತೊಟ್ಟಿಯೂ ಸವಳಾಗುತ್ತದೆ. ಈ ಮಾತನ್ನು ಅಳಿಯ ನನಗೆ ವಿವರಿಸತೊಡಗಿದಾಗ, ಪಕ್ಕದಲ್ಲಿ ಕುಳಿತಿದ್ದ ತೋಟದ ಹಿರಿಯ ಆಳು ಅರ್ಧಕ್ಕೇ ಅರ್ಥಮಾಡಿಕೊಂಡು ತಲೆದೂಗಿದನು.

ತೊಟ್ಟಿಗೆ ನೀರು ತುಂಬಿದ ಕೆಲವು ವಾರಗಳಲ್ಲಿ ಗಾಜಿನ ಮೇಲೂ ಮರಳಿನ ಮೇಲೂ ಕಂದು ಬಣ್ಣದ ತೆಳು ಲೇಪವೊಂದು ಹರಡಿತಂತೆ. ಹೊಸದಾಗಿ ಕಡಲನ್ನು ಸಾಕುವವರೆಲ್ಲರಿಗೂ ಮೊದಲು ಎದುರಾಗುವ ಉಪದ್ರವ ಇದೇ. ಬೆರಳಿನಿಂದ ಒರಸಿದರೆ ಹಿಟ್ಟಿನಂತೆ ಉದುರುವ ಆ ಕಂದು, ಡಯಾಟಮ್ ಎಂಬ ಏಕಕೋಶ ಜೀವಿಗಳ ಸಮೂಹ. ಅವು ತಮ್ಮ ಮೈಗೆ ಸಿಲಿಕದ, ಎಂದರೆ ಗಾಜಿನ ಜಾತಿಯ ದ್ರವ್ಯದ, ಕವಚವನ್ನು ಕಟ್ಟಿಕೊಳ್ಳುತ್ತವೆ. ನೀರಿನಲ್ಲಿ ಸಿಲಿಕ ಇರುವವರೆಗೂ ಬೆಳೆದು, ಅದು ತೀರಿದ ಮೇಲೆ ತಾವಾಗಿಯೇ ಕ್ಷೀಣಿಸುತ್ತವೆ. ಇದಕ್ಕೆ ಮದ್ದು ಬೇಕಿಲ್ಲ, ತಾಳ್ಮೆ ಬೇಕು. ಹೆಚ್ಚೆಂದರೆ ಆರ್‌ಓ ಯಂತ್ರದ ಜರಡಿ ಸರಿಯಾಗಿದೆಯೇ ಎಂದು ನೋಡಬೇಕು.

ಆದರೆ ತೊಟ್ಟಿಯಲ್ಲಿ ಕಂಡ ಕಂದೆಲ್ಲವೂ ಡಯಾಟಮ್ ಅಲ್ಲವೆಂಬಲ್ಲಿಂದಲೇ ಈ ವಿದ್ಯೆಯ ನಿಜವಾದ ಸೂಕ್ಷ್ಮ ಆರಂಭವಾಗುತ್ತದೆ. ಕೆಂಗಂದು ಬಣ್ಣದಲ್ಲಿ ನುಣ್ಣಗೆ ಹಾಸಿಕೊಂಡು, ಅಂಚು ಹಿಡಿದೆತ್ತಿದರೆ ಹಾಳೆ ಹಾಳೆಯಾಗಿ ಎದ್ದುಬರುವ, ಮೂಗಿಗೆ ಕೆಟ್ಟ ವಾಸನೆ ತಗಲಿಸುವ ಲೇಪ ಬೇರೆ. ಅದು ಪಾಚಿಯೇ ಅಲ್ಲ, ಸಯನೊಬ್ಯಾಕ್ಟೀರಿಯ ಎಂಬ ಅತಿ ಪ್ರಾಚೀನ ಕುಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ವಾಯುವಿನಲ್ಲಿ ಆಮ್ಲಜನಕ ತುಂಬತೊಡಗಿದ್ದು ಈ ಕುಲದ ಪೂರ್ವಿಕರ ಉಸಿರಿನಿಂದಲೇ ಎಂದಮೇಲೆ, ಅವನ್ನು ಬರಿಯ ಕೊಳೆಯೆನ್ನಲು ನನಗೆ ನಾಲಗೆ ಏಳುವುದಿಲ್ಲ. ನೀರು ಸರಿಯಾಗಿ ಚಲಿಸದ ಮೂಲೆಗಳಲ್ಲಿ, ತಿಂದುಳಿದ ಆಹಾರ ಕೊಳೆಯುವ ತಾವಿನಲ್ಲಿ ಇವು ನೆಲೆಯೂರುತ್ತವೆ. ಲೇಪವನ್ನು ಕೊಳವೆಯಿಂದ ಹೀರಿ ತೆಗೆದು, ನೀರಿನ ಓಟವನ್ನು ಹೆಚ್ಚಿಸಿ, ಕೊಳೆಯನ್ನು ತಗ್ಗಿಸಿದರೆ ಬಹುಮಟ್ಟಿಗೆ ಹಿಂದೆಗೆಯುತ್ತವೆ.

ಮೂರನೆಯ ಕಂದು ಎಲ್ಲಕ್ಕಿಂತಲೂ ಕಠಿನವಾದುದು. ಹಗಲಿನಲ್ಲಿ ಲೋಳೆಯ ಎಳೆಗಳಾಗಿ ಇಳಿಬಿದ್ದು, ಎಳೆಯ ತುದಿಗೆ ಗಾಳಿಯ ಗುಳ್ಳೆಗಳನ್ನು ಕಟ್ಟಿಕೊಂಡು, ರಾತ್ರಿ ದೀಪವಾರಿದ ಮೇಲೆ ಅರ್ಧಕ್ಕರ್ಧ ಕರಗಿ, ಮರುದಿನ ಮಧ್ಯಾಹ್ನಕ್ಕೆ ಮತ್ತೆ ಪ್ರತ್ಯಕ್ಷವಾಗುವ ಇದು ಡೈನೊಫ್ಲಾಜಲೇಟ್ ಎಂಬ ಜೀವಿ. ಅಳಿಯ ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಗಾಜಿನ ಮೇಲಿಟ್ಟು ನನಗೆ ತೋರಿಸಿದನು. ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ದುಂಡಗಾಗಿ, ಕಣ್ಣೀರ ಹನಿಯ ಆಕಾರದ ಹೊಂಬಣ್ಣದ ಕಣಗಳು. ಪ್ರತಿಯೊಂದೂ ತನ್ನ ಚೂಪು ತುದಿಯನ್ನು ಅದೃಶ್ಯವಾದ ಗೂಟಕ್ಕೆ ಕಟ್ಟಿಕೊಂಡಂತೆ ಅದರ ಸುತ್ತ ತಿರುಗುತ್ತಲೇ ಇತ್ತು. ಈ ತಿರುಗಾಟವೇ ಆಸ್ಟ್ರಿಯಾಪ್ಸಿಸ್ ಎಂಬ ಜಾತಿಯ ಗುರುತು. ಇದನ್ನು ತಿಂದ ಶಂಖದ ಹುಳುಗಳು ಸಾಯುವುದುಂಟು. ಇನ್ನು ವಿಶೇಷವೆಂದರೆ, ಬೇರೆ ಪಾಚಿಗಳನ್ನು ಅಡಗಿಸುವ ಉಪಾಯ ಇದಕ್ಕೆ ವರವಾಗುತ್ತದೆ. ಪಾಚಿಯನ್ನು ಉಪವಾಸ ಕೆಡವಬೇಕೆಂದು ನೈಟ್ರೇಟು ಫಾಸ್ಫೇಟುಗಳನ್ನು ಸೊನ್ನೆಗೆ ಇಳಿಸಿದ ತೊಟ್ಟಿಗಳಲ್ಲಿಯೇ ಇದು ಹೆಚ್ಚಾಗಿ ತಲೆಯೆತ್ತುತ್ತದೆ. ಎದುರಾಳಿಗಳೆಲ್ಲ ಹಸಿದು ಸತ್ತ ಬಯಲಿನಲ್ಲಿ ಇದೊಂದೇ ರಾಜ್ಯವಾಳುತ್ತದೆ. ಆಗ ನೀರು ಬದಲಿಸುವುದನ್ನು ನಿಲ್ಲಿಸಿ, ನೀರಿಗೆ ಮತ್ತೆ ಸ್ವಲ್ಪ ಪೋಷಣೆಯನ್ನು ಕೊಟ್ಟು, ರಾತ್ರಿ ನೀರಿನಲ್ಲಿ ತೇಲುವ ಜಾತಿಯಾದರೆ ಅತಿನೇರಳೆ ದೀಪದ ಮುಂದೆ ಆ ನೀರನ್ನು ಹಾಯಿಸಬೇಕು.

“ಮಾಮಾ, ಮೂರೂ ಕಂದು ಬಣ್ಣದ್ದೇ ನೋಡ್ರಿ,” ಎಂದನು ಅವನು. “ಒಂದಕ್ಕ ಸುಮ್ಮನ ಕೂಡೋದ ಔಷಧ, ಒಂದಕ್ಕ ಸ್ವಚ್ಛ ಮಾಡೋದ ಔಷಧ, ಇನ್ನೊಂದಕ್ಕ ಸ್ವಚ್ಛ ಮಾಡೋದ ಬಿಡೋದ ಔಷಧ. ಗುರುತ ಹಿಡೀಲಾರದ ಕೈ ಹಾಕಿದ್ರ ತೊಟ್ಟಿ ಹಾಳಾಗ್ತದ್ರಿ.”

ಈ ವಿವೇಕ ಅವನಿಗೆ ಸಮುದ್ರದಿಂದ ಬಂದುದಲ್ಲ, ದ್ರಾಕ್ಷಿಯಿಂದ ಬಂದುದೆಂದು ನನ್ನ ನಂಬಿಕೆ. ತಿಕೋಟಾ, ಬಬಲೇಶ್ವರದ ಕಡೆಯ ಬೆಳೆಗಾರನಿಗೆ ಅಕ್ಟೋಬರ್ ಚಾಟಣಿಯ ಮುಂದಿನ ದಿನಗಳೆಂದರೆ ಎಲೆಯನ್ನು ತಿರುವಿ ತಿರುವಿ ನೋಡುವ ದಿನಗಳು. ಎಲೆಯ ಮೇಲ್ಮೈಯಲ್ಲಿ ಎಣ್ಣೆ ಸೋಂಕಿದಂಥ ಹಳದಿ ಮಚ್ಚೆ, ಅದರ ಕೆಳಮೈಯಲ್ಲಿ ಬಿಳಿಯ ಬೂಜು, ಮೋಡ ಮುಸುಕಿ ಎಲೆ ತೊಯ್ದ ಹವೆ ಇವೆಲ್ಲ ಕೂಡಿದರೆ ಅದು ಡೌನಿ. ಒಣ ಹವೆಯಲ್ಲಿಯೂ ಎಲೆಯ ಮೇಲೆ, ಕಾಯಿಯ ಮೇಲೆ ಬೂದಿ ಎರಚಿದಂತೆ ಕಂಡರೆ ಅದು ಬೂದಿ ರೋಗ. ಡೌನಿಗೆ ತಾಮ್ರದ ಮದ್ದು, ಬೂದಿಗೆ ಗಂಧಕದ ಮದ್ದು. ಎರಡನ್ನೂ ‘ಬಿಳಿ ರೋಗ’ವೆಂದು ಒಂದೇ ಹೆಸರಿನಿಂದ ಕರೆದು ಕೈಗೆ ಸಿಕ್ಕಿದ್ದನ್ನು ಸಿಂಪಡಿಸಿದರೆ, ಮದ್ದಿನ ಹಣವೂ ಹೋಗಿ ಮನೂಕದ, ಎಂದರೆ ಒಣದ್ರಾಕ್ಷಿಯ, ಹಣವೂ ಹೋಗುತ್ತದೆ. ಮತ್ತೂ ಒಂದು ಸೋಜಿಗವುಂಟು: ಡೌನಿಯನ್ನು ಉಂಟುಮಾಡುವ ಜೀವಿ ಬಹುಕಾಲ ಶಿಲೀಂಧ್ರವೆಂದೇ ಎಣಿಸಲ್ಪಟ್ಟಿದ್ದರೂ, ವಂಶವನ್ನು ಶೋಧಿಸಿದವರು ಅದನ್ನು ಅಣಬೆಗಳ ಪಂಕ್ತಿಯಿಂದ ಎಬ್ಬಿಸಿ, ಡಯಾಟಮ್ ಮತ್ತು ಕಂದುಪಾಚಿಗಳ ಬಳಗದಲ್ಲಿ ಕುಳ್ಳಿರಿಸಿದ್ದಾರೆ. ಎಂದರೆ ಹೊರಗೆ ಬಳ್ಳಿಯ ಎಲೆಯನ್ನು ಕಾಡುವುದೂ, ಒಳಗೆ ತೊಟ್ಟಿಯ ಗಾಜನ್ನು ಮಸುಕು ಮಾಡುವುದೂ ದೂರದ ದಾಯಾದಿಗಳು. ಒಂದೇ ಮನೆಯ ಹೊಸ್ತಿಲಿನ ಒಳಗೂ ಹೊರಗೂ ಒಂದೇ ಕುಲದ ಎರಡು ಕವಲುಗಳನ್ನು ನೋಡಿಕೊಂಡಿರುವ ಭಾಗ್ಯ ಎಷ್ಟು ಒಕ್ಕಲುಮನೆಗಳಿಗುಂಟು!

ಡೌನಿಯ ಮದ್ದಾದ ಬೋರ್ಡೋ ದ್ರಾವಣದ ಕಥೆಯೂ ನನಗೆ ಬಲು ಪ್ರಿಯವಾದುದು. 1882ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳ ನೀಲಿ ನೀರನ್ನು ಚಿಮುಕಿಸುತ್ತಿದ್ದರಂತೆ. ಒಳಗಿನ ಸಾಲುಗಳೆಲ್ಲ ಡೌನಿಯಿಂದ ಎಲೆಯುದುರಿಸಿ ನಿಂತಿರುವಾಗ, ಅಂಚಿನ ಸಾಲುಗಳು ಮಾತ್ರ ಹಸಿರಾಗಿರುವುದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕನು ಕಂಡು, ಕಾರಣವನ್ನು ಬೆನ್ನಟ್ಟಿ, 1885ರಲ್ಲಿ ಲೋಕಕ್ಕೆ ತಿಳಿಸಿದನು. ಇಂದಿಗೂ ನಮ್ಮ ತೋಟಗಳಲ್ಲಿ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕದಲ್ಲಿ ಅದನ್ನು ಕೂಡಿಸುತ್ತಾರೆ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ ಆಮೇಲೆ ಬೆರೆಸುವುದು. ಬೆರೆಸಿದ ಮೇಲೆ ತಿಕ್ಕಿ ಹೊಳಪು ಮಾಡಿದ ಕುಡುಗೋಲಿನ ಅಲಗನ್ನು ಅದರಲ್ಲಿ ಅದ್ದಿ ಹಿಡಿಯುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಅಂಥದನ್ನು ಹಾಗೆಯೇ ಸಿಂಪಡಿಸಿದರೆ ಎಲೆ ಸುಡುತ್ತದೆ. ಅಲಗು ಬೆಳ್ಳಗೇ ಉಳಿಯುವವರೆಗೂ ಸುಣ್ಣದ ತಿಳಿಯನ್ನು ಸೇರಿಸುತ್ತ ಹೋಗಬೇಕು. ಯಂತ್ರವಿಲ್ಲದೆ ರಸಾಯನವನ್ನು ಅಳೆಯುವ ಈ ಜಾಣ್ಮೆಯನ್ನು ನಾನು ಎಷ್ಟು ಸಲ ನೋಡಿದರೂ ಮನಸ್ಸು ತಣಿಯದು.

ಆ ನೀಲಿ ದ್ರಾವಣದ ಎರಡು ದ್ರವ್ಯಗಳೂ ಸಮುದ್ರದ ತೊಟ್ಟಿಯ ಮುಂದೆ ಬಂದಾಗ ಒಂದು ವಿಷವಾಗಿ, ಇನ್ನೊಂದು ಅಮೃತವಾಗಿ ಬೇರ್ಪಡುವುದು ಪ್ರಕೃತಿಯ ಚೋದ್ಯ. ತಾಮ್ರದ ಲೇಶವೂ ಹವಳಕ್ಕೆ, ಸೀಗಡಿಗೆ, ಶಂಖದ ಹುಳುವಿಗೆ ಮೃತ್ಯು. ಆದುದರಿಂದ ಔಷಧ ಹೊಡೆದು ಬಂದ ಕೈಯನ್ನು ತೊಳೆಯದೆ ತೊಟ್ಟಿಯ ಹತ್ತಿರ ಯಾರೂ ಸುಳಿಯಬಾರದೆಂಬುದು ಆ ಮನೆಯ ಕಟ್ಟಪ್ಪಣೆ. ಸುಣ್ಣದ ತಿಳಿನೀರಾದರೋ ತೊಟ್ಟಿಗೆ ಪೌಷ್ಟಿಕ. ಹವಳಗಳಿಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಅದೇ ಒದಗಿಸುತ್ತದೆ. ಅಷ್ಟೇ ಅಲ್ಲ, ಅದೇ ಸುಣ್ಣ ಶಸ್ತ್ರವೂ ಆಗುತ್ತದೆ. ಐಪ್ಟೇಸಿಯ ಎಂಬ ಕಂದು ಬಣ್ಣದ ಪುಟ್ಟ ಕಡಲಹೂವು, ಬಂಡೆಯ ಸಂದಿನಲ್ಲಿ ಬೇರೂರಿ, ತನ್ನ ಎಸಳುಗಳಿಂದ ನೆರೆಯ ಹವಳವನ್ನು ಕುಟುಕಿ ಸಾಯಿಸುತ್ತದೆ. ಕಿತ್ತರೆ ಹರಿದ ಚೂರು ಚೂರಿನಿಂದ ಹೊಸದಾಗಿ ಹುಟ್ಟುತ್ತದೆ. ಅಳಿಯ ಸುಣ್ಣವನ್ನು ಸಗಣಿನೀರಿನಷ್ಟು ಮಂದವಾಗಿ ಕಲಸಿ, ಸೂಜಿಯ ಪಿಚಕಾರಿಯಲ್ಲಿ ತುಂಬಿ, ನೀರಿನ ಪಂಪುಗಳನ್ನೆಲ್ಲ ನಿಲ್ಲಿಸಿ, ಉಸಿರು ಬಿಗಿಹಿಡಿದು, ಆ ಹೂವಿನ ಬಾಯಿಗೇ ಒಂದು ತೊಟ್ಟನ್ನು ಇಟ್ಟನು. ಅದು ಥಟ್ಟನೆ ಎಸಳುಗಳನ್ನೊಳಕ್ಕೆಳೆದುಕೊಂಡು ಸುಣ್ಣವನ್ನೂ ನುಂಗಿತು. ಸ್ವಲ್ಪ ಹೊತ್ತಿನಲ್ಲಿ ಆ ಸಂದಿನಲ್ಲಿ ಬಿಳಿಯ ಗಂಟೊಂದನ್ನುಳಿದು ಏನೂ ಇರಲಿಲ್ಲ. ಐಪ್ಟೇಸಿಯವನ್ನೇ ತಿಂದು ಬದುಕುವ ಬರ್ಘಿಯ ಎಂಬ ಕಡಲ ಗೊಂಡೆಹುಳುವೂ ಉಂಟಂತೆ. ಎಲ್ಲಿ ಕೈ ತಲಪದೋ ಅಲ್ಲಿ ಅದರ ಬಾಯಿ ತಲಪುತ್ತದೆ.

ಹಸಿರು ಕೂದಲಿನಂತೆ ಬೆಳೆಯುವ ಪಾಚಿಯ ಮಾತು ಬೇರೆ. ಅದರ ಬೇರು ಬಂಡೆಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಮೀನಿಗೆ ಪ್ರೀತಿಯಿಂದ ಹಾಕಿದ ಆಹಾರದಲ್ಲಿ ತಿಂದುಳಿದುದೂ, ತಿಂದು ವಿಸರ್ಜಿಸಿದುದೂ ನೈಟ್ರೇಟು ಫಾಸ್ಫೇಟುಗಳಾಗಿ ನೀರಿಗೆ ಸೇರಿ ಆ ಕೂದಲನ್ನು ಬೆಳೆಸುತ್ತವೆ. ಈ ಮಾತನ್ನು ಕೇಳುವಾಗ ನನ್ನ ಮನಸ್ಸು ವಿಜಯಪುರದ ತಾಜ್ ಬಾವಡಿಗೆ ಹೋಯಿತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ, 1620ರ ಸುಮಾರಿಗೆ ಕಟ್ಟಿದ ಆ ಮಹಾಕೂಪದ ಕಮಾನಿನ ನೆರಳಿನಲ್ಲಿ ನಿಂತು ಕೆಳಗೆ ನೋಡಿದರೆ, ನೀರಿನ ಬಣ್ಣ ಅನೇಕ ವರ್ಷ ಗಾಢ ಹಸಿರೇ ಆಗಿದ್ದುದು ನನ್ನ ನೆನಪಿನಲ್ಲಿದೆ. ದಂಡೆಯ ಮೇಲೆ ನಿಂತ ಮಕ್ಕಳು ಚುರುಮುರಿಯನ್ನು ಮುಷ್ಟಿ ಮುಷ್ಟಿಯಾಗಿ ಎಸೆಯುವರು. ಮೀನುಗಳು ಗುಂಪಾಗಿ ಮೇಲೆದ್ದು ಬಾಯ್ದೆರೆಯುವುವು. ಹಿರಿಯರು ಪುಣ್ಯ ಬಂತೆಂದು ಕೈಮುಗಿಯುವರು. ಆ ಚುರುಮುರಿಯಲ್ಲಿ ದಯೆಯಿತ್ತು, ಸಂದೇಹವಿಲ್ಲ. ಆದರೆ ದಯೆಯಿಂದ ಕೊಟ್ಟ ಅನ್ನವೂ ಉಂಡವರಿಗಿಂತ ಹೆಚ್ಚಾದರೆ ಹಾವಸೆಯ ಪಾಲಾಗುತ್ತದೆ. ಅದರ ಜೊತೆಗೆ ಸಾಬೂನಿನ ನೊರೆ, ಪೂಜೆಯ ಹೂವು, ಬೀದಿಯ ಕಸ ಎಲ್ಲವೂ ಕೂಡಿದ ಮೇಲೆ, ಒಂದು ಕಾಲಕ್ಕೆ ನಗರದ ಬಾಯಾರಿಕೆಯನ್ನು ತಣಿಸಿದ ಬಾವಿ ಹಸಿರಾಗದೆ ಏನಾದೀತು!

ಹಾಗೆಂದು ಪಾಚಿಯನ್ನು ಕುಲಸಮೇತ ನಿರ್ಮೂಲ ಮಾಡಬೇಕೆಂಬ ಸಂಕಲ್ಪವೂ ಸರಿಯಲ್ಲ. ಹವಳಕ್ಕೆ ಬಣ್ಣವೂ ಅನ್ನವೂ ಬರುವುದು ಅದರ ಮೈಯೊಳಗೆ ವಾಸಮಾಡುವ ಸೂಕ್ಷ್ಮ ಪಾಚಿಯಿಂದ. ನೀರು ವಿಪರೀತ ಕಾದಾಗ ಆ ಸಹವಾಸ ಮುರಿದು, ಪಾಚಿ ಹೊರಟುಹೋಗಿ, ಹವಳ ಬಿಳಿಚಿ ಉಪವಾಸದಿಂದ ಸಾಯುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ನಮ್ಮ ಕರ್ನಾಟಕಕ್ಕೂ ಸ್ವಲ್ಪ ಹವಳದ ಸಂಪತ್ತುಂಟು; ಅದು ಉಳಿಯಬೇಕಾದರೆ ಅದರೊಳಗಿನ ಪಾಚಿಯೂ ಉಳಿಯಬೇಕು. ಅಲ್ಲದೆ ಪಾಚಿಯನ್ನು ಪಾಚಿಯಿಂದಲೇ ಗೆಲ್ಲುವ ಉಪಾಯವೂ ಇದೆ. ಅಳಿಯ ತೊಟ್ಟಿಯ ಕೆಳಗಿನ ಚಿಕ್ಕ ಕೋಣೆಯಲ್ಲಿ ಕೀಟೊಮಾರ್ಫ ಎಂಬ ಒರಟು ದಾರದಂಥ ಪಾಚಿಯನ್ನು ಬೇರೆ ದೀಪವಿಟ್ಟು ಬೆಳೆಸುತ್ತಾನೆ. ಅದು ನೀರಿನ ಪೋಷಣೆಯನ್ನು ಮೊದಲೇ ಹೀರಿಕೊಳ್ಳುತ್ತದೆ. ಆಗಾಗ ಅದನ್ನು ಹಿಡಿ ಹಿಡಿಯಾಗಿ ಕೊಯ್ದು ತೆಗೆದರೆ ಮೇಲಿನ ತೊಟ್ಟಿಯ ಕೂದಲಿಗೆ ತಿನ್ನಲು ಏನೂ ಉಳಿಯುವುದಿಲ್ಲ.

ಹೀಗೆ ಕೊಯ್ದುದನ್ನು ಮಾತ್ರ ಅವನು ಹಳ್ಳಕ್ಕೂ ಎಸೆಯುವುದಿಲ್ಲ, ಹೊಂಡಕ್ಕೂ ಎಸೆಯುವುದಿಲ್ಲ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಯೇ ಗೊಬ್ಬರಕ್ಕೆ ಹಾಕುತ್ತಾನೆ. ಉಪ್ಪು ನೀರಿನ ಪಾಚಿ ಇಟ್ಟಂಗಿಹಾಳದ ಹಳ್ಳದಲ್ಲಿ ಬದುಕಲಾರದಾದರೂ ಅಭ್ಯಾಸವನ್ನು ಕೆಡಿಸಬಾರದೆಂಬುದು ಅವನ ನಿಷ್ಠೆ. ಆ ನಿಷ್ಠೆಗೆ ಕಾರಣವಿದೆ. 1984ರಲ್ಲಿ ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ, ಕೇವಲ ಒಂದು ಚದರ ಮೀಟರಿನಷ್ಟು ಜಾಗದಲ್ಲಿ, ಕಾಲರ್ಪ ಟ್ಯಾಕ್ಸಿಫೋಲಿಯ ಎಂಬ ಅಲಂಕಾರದ ಪಾಚಿ ಕಾಣಿಸಿಕೊಂಡಿತು. ಮುಂದೆ ಅದು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಸಾವಿರಾರು ಹೆಕ್ಟೇರುಗಳಿಗೆ ಹಬ್ಬಿತು. 2000ನೆಯ ಇಸವಿಯಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯದ ಹಿನ್ನೀರೊಂದರಲ್ಲಿ ಕಂಡಾಗ, ಅಲ್ಲಿನವರು ಕಂಡ ಕೂಡಲೆ ಗುರುತು ಹಿಡಿದು, ತಡಮಾಡದೆ ತಾಡಪತ್ರಿ ಮುಚ್ಚಿ ಒಳಗೆ ಕ್ಲೋರಿನ್ ಹಾಯಿಸಿ, 2006ರಲ್ಲಿ ಅದು ನಿರ್ಮೂಲವಾಯಿತೆಂದು ಸಾರಲು ಸಮರ್ಥರಾದರು. ನಮ್ಮ ದೇಶದಲ್ಲಿಯೂ ಇಂಥದು ನಡೆದಿದೆ. ಅಂಟುದ್ರವ್ಯಕ್ಕಾಗಿ ಹೊರಗಿನಿಂದ ತಂದು ತಮಿಳುನಾಡಿನ ಕರಾವಳಿಯಲ್ಲಿ ಬೆಳೆಸಿದ ಕಪ್ಪಾಫೈಕಸ್ ಎಂಬ ಕಡಲಕಳೆ, ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿ ಅವುಗಳ ಬೆಳಕನ್ನು ಕಿತ್ತುಕೊಂಡುದನ್ನು 2008ರಲ್ಲಿ ಶೋಧಕರು ವರದಿಮಾಡಿದರು. ಗುರುತು ಬೇಗ ಸಿಕ್ಕರೆ ಒಂದು ಹಿನ್ನೀರು ಉಳಿಯುತ್ತದೆ. ತಡವಾದರೆ ಒಂದು ಸಮುದ್ರದ ತಳವೇ ಹೋಗುತ್ತದೆ.

ಈ ಕಣ್ಣನ್ನು ಅಳಿಯ ಈಗ ಹೊಂಡದ ಕಡೆಗೂ ತಿರುಗಿಸಿದ್ದಾನೆ. ಹಾವಸೆ ಕಂಡೊಡನೆ ಮೈಲುತುತ್ತದ ಗಂಟನ್ನು ನೀರಿನಲ್ಲಿ ಎಳೆದಾಡಿಸುವುದು ಹಲವು ಕಡೆಯ ರೂಢಿ. ಅದರಿಂದ ಹಸಿರು ಸಾಯುವುದೇನೋ ನಿಜ; ಆದರೆ ಸತ್ತ ರಾಶಿ ತಳಕ್ಕಿಳಿದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡು ಮೀನುಗಳನ್ನು ಕೊಲ್ಲುತ್ತದೆ, ಕೊಳೆತ ಸಾರವೇ ಮುಂದಿನ ಹಾವಸೆಗೆ ಗೊಬ್ಬರವಾಗುತ್ತದೆ; ನಮ್ಮ ಗಡಸು ನೀರಿನಲ್ಲಿ ತಾಮ್ರದ ಬಹುಭಾಗ ಕೆಲಸ ಮಾಡುವ ಮುನ್ನವೇ ತಳಕ್ಕೆ ಕೂತು ವ್ಯರ್ಥವಾಗುತ್ತದೆ. ಇವನು ಮೊದಲು ಬಾಟಲಿಯಲ್ಲಿ ನೀರು ಹಿಡಿದು ನೋಡುತ್ತಾನೆ. ನೀರೇ ಹಸಿರು ಬಣ್ಣಕ್ಕೆ ತಿರುಗಿದ್ದರೆ ತೇಲುವ ಏಕಕೋಶ ಪಾಚಿ. ಅದಕ್ಕೆ ಬೆಳ್ಳಿಗೆಂಡೆ ಮೀನು ಮತ್ತು ನೆರಳಿನ ಬಲೆ. ಕೋಲಿಗೆ ಸುತ್ತಿಕೊಂಡು ಬರುವ ದಾರವಾದರೆ ಕೈಯಿಂದಲೇ ಎಳೆದು ತೆಗೆದು ಬಳ್ಳಿಯ ಬುಡಕ್ಕೆ ಹಾಸು. ಬಣ್ಣ ಬಳಿದಂತೆ ದಡಕ್ಕೆ ಕೂಡಿದ ನೀಲಿ-ಹಸಿರು ಕೆನೆಯಾದರೆ, ಅದು ವಿಷಕಾರಿಯಾಗಬಹುದಾದ ಕುಲವಾದುದರಿಂದ, ಮೊದಲು ದನಕರುಗಳನ್ನು ಆ ನೀರಿನಿಂದ ದೂರವಿಡುವುದು. ಎಲ್ಲಕ್ಕೂ ಸಮಾನವಾದ ಚಿಕಿತ್ಸೆಯೆಂದರೆ ತಿಪ್ಪೆಯ ನೀರೂ ಗೊಬ್ಬರದ ನೀರೂ ಮಳೆಯಲ್ಲಿ ಹೊಂಡಕ್ಕೆ ಹರಿದು ಬಾರದಂತೆ ಒಡ್ಡು ಕಟ್ಟುವುದು. “ಹಾವಸಿ ತಾನಾಗೇ ಬರಾಂಗಿಲ್ರಿ ಮಾಮಾ, ನಾವ ಉಣ್ಣಾಕ ಕರದಿರ್ತೀವಿ,” ಎಂಬುದು ಅವನ ಸಿದ್ಧಾಂತ.

ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಕೃಷ್ಣೆಯ ನೀರು ಈಗ ನಮ್ಮ ಬಯಲಿಗೆ ಏರಿ ಬರುತ್ತಿರುವಾಗ, ಹೊಂಡಗಳೂ ಕೆರೆಗಳೂ ಹೆಚ್ಚುತ್ತಿರುವಾಗ, ಹಾವಸೆಯೂ ಹೆಚ್ಚುವುದು ನಿಶ್ಚಯ. ನೀರಿಲ್ಲದ ಕಾಲದ ವಿದ್ಯೆಗಳನ್ನೆಲ್ಲ ನಾವು ಬಲ್ಲೆವು. ನೀರಿರುವ ಕಾಲದ ವಿದ್ಯೆಯನ್ನು ಇನ್ನು ಕಲಿಯಬೇಕಾಗಿದೆ. ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯ ನಮಗೆ ದೂರವಲ್ಲ. ಮಣ್ಣನ್ನು ಪರೀಕ್ಷೆಗೆ ಕೊಡುವ ಪದ್ಧತಿಯೂ ರೈತರಿಗೆ ಹೊಸದಲ್ಲ. ಅದೇ ರೀತಿ ಹಳ್ಳಿಯ ಶಾಲೆಗೊಂದು ಸೂಕ್ಷ್ಮದರ್ಶಕವಿದ್ದು, ವಾರಕ್ಕೊಮ್ಮೆ ಒಕ್ಕಲಿಗರು ತಮ್ಮ ತಮ್ಮ ಹೊಂಡದ ನೀರನ್ನು ಬಾಟಲಿಯಲ್ಲಿ ತಂದು, ಇದು ಯಾವ ಹಸಿರು, ಇದನ್ನು ಉಣ್ಣಿಸುತ್ತಿರುವವರು ಯಾರು ಎಂದು ಮಕ್ಕಳೊಡನೆ ಕುಳಿತು ನೋಡುವಂತಾದರೆ, ಔಷಧದ ಅಂಗಡಿಗೆ ಹೋಗುವ ದುಡ್ಡಿನಲ್ಲಿ ಬಹುಪಾಲು ಮನೆಯಲ್ಲಿಯೇ ಉಳಿದೀತು. ಅಳಿಯ ತನ್ನ ಸೂಕ್ಷ್ಮದರ್ಶಕವನ್ನು ಕೊಡಲು ಒಪ್ಪಿದ್ದಾನೆ. ಹೆಡ್‌ಮಾಸ್ತರರನ್ನು ಕಂಡು ಮಾತಾಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.